ಎಳೆಗೂಸಿನ ಮೊದಲ ತುತ್ತು



ತಾಯಿಯ ಎದೆಹಾಲನ್ನು ಮಾತ್ರವೇ ಕುಡಿದು ಬೆಳೆಯುತ್ತಿರುವ ಕೂಸಿಗೆ ಮೊದಲ ಸಲ ಬೇರೆಯ ಆಹಾರವನ್ನು ಕೊಡತಕ್ಕದ್ದು ಎಂದಿಗೆ, ಏನನ್ನು, ಎಷ್ಟನ್ನು ಎಂಬ ವಿಷಯವಾಗಿ ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಇದೇನು ಮಹಾ ವಿಷಯ, ಯಾವ ಮನೆಯ ಅಜ್ಜಿಯನ್ನು ಕೇಳಿದರೂ ಹೇಳುವರಲ್ಲ ಎಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಅಜ್ಜಿಯನ್ನು ಕೇಳಬೇಕಾದುದು ನಿಜವೇ. ಆದರೆ ಅಜ್ಜಿಗೆ ಚೆನ್ನಾಗಿ ತಿಳಿದಿದ್ದ ಒಂದು ಸಂಗತಿಯನ್ನು ನಾವು ಮರೆತಿದ್ದೇವೆ; ಆಕೆಗೆ ತಿಳಿಯದೆ ಇದ್ದ ಒಂದೆರಡು ಸಂಗತಿಗಳನ್ನು ಈಚಿನ ಶಾಸ್ತ್ರವು ಕಂಡುಹಿಡಿದಿದೆ. ಇವೆರಡನ್ನೂ ಜೊತೆಗಿಟ್ಟು ನೋಡುವುದೇ ಈ ಭಾಷಣದ ಉದ್ದೇಶ.

ಉದಾಹರಣೆಗಳನ್ನು ನಾನು ಮೈಸೂರಿಗೆ ಪಡುವಲಲ್ಲಿರುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ಸೀಮೆಗಳಿಂದ ತೆಗೆದುಕೊಳ್ಳುತ್ತೇನೆ. ನಗರವಾಸಿಗಳಾದ ತಮಗೆ ಹಳ್ಳಿಯ ಕೂಸಿನ ಊಟದ ಮಾತೇಕೆ ಎಂದರೆ, ತಮ್ಮಲ್ಲಿ ಅನೇಕರ ಮನೆಯ ಹಿರಿಯರು ಆ ಸೀಮೆಯವರು. ತಮ್ಮ ಮನೆಗೆ ಬರುವ ರಾಗಿ ಎಷ್ಟೋ ವೇಳೆ ಆ ಸೀಮೆಯದು. ತಾವು ಕೆಲಸಕ್ಕೆ ಹೋದಾಗ ತಮ್ಮ ಕೂಸನ್ನು ಎತ್ತಿ ಆಡಿಸುವ ಹೆಂಗಸೂ ಆ ಕಡೆಯವಳೇ ಆಗಿರುವುದುಂಟು. ಕಾವೇರಿಯ ನಾಲೆಗಳ ಕೆಳಗೆ ಕೃಷ್ಣರಾಜನಗರದ ಗದ್ದೆಗಳಲ್ಲಿ ಬತ್ತ. ಹುಣಸೂರು ಪಿರಿಯಾಪಟ್ಟಣಗಳ ಕೆಂಪು ಹೊಲಗಳಲ್ಲಿ ರಾಗಿ, ಅವರೆ, ಹೊಗೆಸೊಪ್ಪು. ಕೋಟೆಯ ಸೀಮೆಯಲ್ಲಿ ರಾಗಿ, ಹತ್ತಿ, ಕಬಿನಿಯ ಮೀನು, ಅದರಾಚೆಗೆ ಕಾಡು. ಒಂದು ಕೂಸಿನ ಬಟ್ಟಲಿಗೆ ಬೇಕಾದುದೆಲ್ಲವೂ ಈ ಎಲ್ಲೆಯೊಳಗೇ ಬೆಳೆಯುತ್ತದೆ. ಬಟ್ಟಲಿಗೆ ಬಂದು ಬೀಳುವುದು ಮಾತ್ರ ಬಹಳ ಕಡಿಮೆ. ಇದು ಈ ಸೀಮೆಯೊಂದರ ಕಥೆಯಲ್ಲ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿದರೆ, ನಮ್ಮ ದೇಶದಲ್ಲಿ ಆರು ತಿಂಗಳು ತುಂಬಿ ಎರಡು ವರ್ಷದೊಳಗಿರುವ ಮಕ್ಕಳ ಪೈಕಿ ಸಾಕಷ್ಟು ಸಲ, ಸಾಕಷ್ಟು ಬಗೆಯ ಆಹಾರವನ್ನು ಪಡೆಯುವವರು ನೂರಕ್ಕೆ ಸುಮಾರು ೧೧ ಮಂದಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆಯಿರುವವರು ನೂರಕ್ಕೆ ಸುಮಾರು ೬೭. ಇಷ್ಟೂ ಬಡತನದ ಫಲವೆಂದು ಹೇಳಿಬಿಟ್ಟರೆ ಮಾತು ಮುಗಿದಂತಾಗುತ್ತದೆ. ಆದರೆ ಉಳ್ಳವರ ಮನೆಗಳ ಮಕ್ಕಳಲ್ಲಿಯೂ ಈ ಕೊರತೆ ಕಾಣುತ್ತದೆಯಾದ ಕಾರಣ, ಹಾಗೆ ಹೇಳಿ ಸುಮ್ಮನಾಗುವಂತಿಲ್ಲ.

ಮೊದಲನೆಯದಾಗಿ ಕಾಲದ ಮಾತು. ಹುಟ್ಟಿದಂದಿನಿಂದ ಆರು ತಿಂಗಳು, ಎಂದರೆ ೧೮೦ ದಿನಗಳು ತುಂಬುವ ತನಕ ತಾಯಿಯ ಹಾಲಿನ ಹೊರತು ಬೇರೇನೂ ಬೇಡ. ಬೇಸಗೆಯಲ್ಲಿ ನೀರು ಸಹ ಬೇಡ. ೨೦೦೧ರಲ್ಲಿ ವಿಶ್ವ ಆರೋಗ್ಯ ಸಭೆಯು ಎಲ್ಲ ದೇಶಗಳಿಗೂ ಇದೇ ಸಲಹೆಯನ್ನು ಕೊಟ್ಟಿತು. ಆರು ತುಂಬಿದ ಮೇಲೆ ಎದೆಹಾಲೊಂದೇ ಸಾಲದು. ಹಾಲು ಕೆಟ್ಟಿತೆಂದಾಗಲಿ ನೀರಾಯಿತೆಂದಾಗಲಿ ಇದರ ಅರ್ಥವಲ್ಲ. ಕೂಸು ಬೆಳೆದದ್ದರಿಂದ ಅದರ ಅಗತ್ಯವೂ ಬೆಳೆಯಿತೆಂದು ಅರ್ಥ. ಗರ್ಭದಲ್ಲಿದ್ದಾಗ ತಾಯಿಯಿಂದ ಪಡೆದುಕೊಂಡು ಬಂದ ಕಬ್ಬಿಣದ ಅಂಶವು ಸುಮಾರು ಈ ಹೊತ್ತಿಗೆ ತೀರುತ್ತ ಬರುತ್ತದೆ. ಎದೆಹಾಲಿನಲ್ಲಿ ಕಬ್ಬಿಣವು ಬಹಳ ಸ್ವಲ್ಪ. ಕೂಸಿನ ಮೈಯೂ ಈ ಕಾಲಕ್ಕೆ ಸಿದ್ಧವಾಗಿರುತ್ತದೆ. ಕತ್ತು ನಿಲ್ಲುವುದು, ಆನಿಸಿ ಕೂರಿಸಿದರೆ ಕೂರುವುದು, ದೊಡ್ಡವರ ತಟ್ಟೆಗೆ ಕೈಹಾಕುವುದು, ಬಾಯಿಗಿಟ್ಟುದನ್ನು ನಾಲಗೆಯಿಂದ ಹೊರದೂಡದೆ ಒಳಕ್ಕೆ ತೆಗೆದುಕೊಳ್ಳುವುದು ಇವೇ ಗುರುತುಗಳು.

ನಮ್ಮ ಹಳೆಯ ವೈದ್ಯರೂ ಈ ಕಾಲವನ್ನು ಬಲ್ಲವರಾಗಿದ್ದರು. ಆರನೆಯ ತಿಂಗಳಲ್ಲಿ ಲಘುವೂ ಹಿತವೂ ಆದ ಅನ್ನವನ್ನು ಉಣಿಸಬೇಕೆಂಬುದು ಸುಶ್ರುತನ ಮತ. ಕಾಶ್ಯಪ ಸಂಹಿತೆಯು ಆರನೆಯ ತಿಂಗಳಲ್ಲಿ ಹಣ್ಣನ್ನು ಮೊದಲು ಮಾಡಿ ಧಾನ್ಯವನ್ನು ಅನಂತರಕ್ಕೆ ಇಡುತ್ತದೆ. ಅನ್ನಪ್ರಾಶನವೆಂಬ ಸಂಸ್ಕಾರವು ಬೆಳೆದದ್ದು ಇಂತಹ ತಿಳಿವಳಿಕೆಯ ಸುತ್ತಲೇ. ಆದರೆ ಸಂಸ್ಕಾರಕ್ಕೆ ಒಂದು ಲೆಕ್ಕವು ಸೇರಿಕೊಂಡಿದೆ: ಗಂಡುಕೂಸಿಗೆ ಸಮ ತಿಂಗಳು, ಹೆಣ್ಣುಕೂಸಿಗೆ ಬೆಸ ತಿಂಗಳು ಎಂದು. ಇದರಿಂದ ಗಂಡಿಗೆ ಆರು ಸರಿಯಾಗಿ ಒದಗಿದರೆ, ಹೆಣ್ಣಿಗೆ ಐದಾಗಬೇಕು, ಇಲ್ಲವೆ ಏಳಾಗಬೇಕು. ಮೊದಲನೆಯದು ಬೇಗ, ಎರಡನೆಯದು ತಡ. ಹೆಣ್ಣಿನ ಜಠರಕ್ಕೂ ಗಂಡಿನ ಜಠರಕ್ಕೂ ಇಂತಹ ಭೇದವಿದೆಯೆಂದು ಯಾವ ವೈದ್ಯನೂ ಕಂಡಿಲ್ಲ. ಶಾಸ್ತ್ರವನ್ನು ಮನೆಯ ಪದ್ಧತಿಯಂತೆ ತಮಗೆ ಅನುಕೂಲವಾದ ದಿನ ಮಾಡಿಕೊಳ್ಳಲಿ. ಊಟವು ಮಾತ್ರ ಆರು ತುಂಬಿದ ಮಾರನೆಯ ದಿನವೇ ಮೊದಲಾಗಲಿ. ಇನ್ನೊಂದು ವಿನೋದವುಂಟು. ಪುರೋಹಿತರು, ನೆಂಟರು, ಬೆಳ್ಳಿಯ ಬಟ್ಟಲು, ಪಾಯಸ ಎಲ್ಲವೂ ಒಂದು ದಿನ ನಡೆದು, ಮಾರನೆಯ ದಿನದಿಂದ ಮತ್ತೆರಡು ತಿಂಗಳು ಕೂಸಿಗೆ ಏನನ್ನೂ ಕೊಡದೆ ಇರುವ ಮನೆಗಳೂ ಉಂಟು. ಪ್ರಾಶನವಾಯಿತು, ಅನ್ನ ಮಾತ್ರ ಇಲ್ಲ!

ಈಗ ವಿಷಯದ ತಿರುಳಿಗೆ ಬರುತ್ತೇನೆ. ನಮ್ಮ ಮನೆಗಳಲ್ಲಿ ಕೂಸಿಗೆ ಮೊದಲು ಕೊಡುವ ಪದಾರ್ಥಗಳಾವುವು? ಅನ್ನ ಬಸಿದ ಗಂಜಿಯ ತಿಳಿ. ಬೆಂದ ತೊಗರಿಬೇಳೆಯ ಮೇಲಿನ ಕಟ್ಟು. ನೀರಾಗಿ ಕಾಸಿದ ರಾಗಿಯ ಸರಿ. ಎಳೆಯ ಹೊಟ್ಟೆ, ಗಟ್ಟಿಯಾದುದು ಅರಗದು ಎಂಬ ಅಕ್ಕರೆಯ ಭಯವೇ ಇದಕ್ಕೆ ಕಾರಣ. ಕಟ್ಟಿನಲ್ಲಿ ಬೇಳೆಯ ಬಣ್ಣವುಂಟು, ವಾಸನೆಯುಂಟು. ಬೇಳೆಯು ಮಾತ್ರ ಪಾತ್ರೆಯ ತಳದಲ್ಲಿ ಕುಳಿತು ದೊಡ್ಡವರ ಸಾರಿಗೆ ಹೋಗುತ್ತದೆ. ಕೂಸು ಬಟ್ಟಲು ತುಂಬ ಕುಡಿಯುತ್ತದೆ, ಹೊಟ್ಟೆ ಉಬ್ಬುತ್ತದೆ, ನಿದ್ದೆ ಹೋಗುತ್ತದೆ. ತಾಯಿಗೆ ತೃಪ್ತಿ. ಆದರೂ ತಿಂಗಳ ತೂಕ ಏರದು.

ಇದರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ; ಕಷ್ಟವಾದ ಗಣಿತವೇನಲ್ಲ. ಏಳೆಂಟು ತಿಂಗಳ ಕೂಸಿನ ಹೊಟ್ಟೆಯು ಒಂದು ಸಲಕ್ಕೆ ಹಿಡಿಯತಕ್ಕದ್ದು ಸುಮಾರು ೨೦೦ರಿಂದ ೨೫೦ ಮಿಲಿಲೀಟರು. ಎದೆಹಾಲನ್ನು ಕುಡಿಯುತ್ತಿರುವ ಇಂತಹ ಕೂಸಿಗೆ ಹಾಲಿನ ಜೊತೆಗೆ ದಿನಕ್ಕೆ ಸುಮಾರು ೨೦೦ ಕ್ಯಾಲೊರಿಗಳಷ್ಟು ಶಕ್ತಿಯು ಹೊರಗಿನ ಆಹಾರದಿಂದ ಬರಬೇಕು. ೧೦೦ ಮಿಲಿಲೀಟರು ಎದೆಹಾಲಿನಲ್ಲಿ ಸುಮಾರು ೬೫ರಿಂದ ೭೦ ಕ್ಯಾಲೊರಿಗಳಿರುತ್ತವೆ. ರಾಗಿಯ ಹಿಟ್ಟಿನಲ್ಲಿ ೧೦೦ ಗ್ರಾಮಿಗೆ ಸುಮಾರು ೩೨೦ ಕ್ಯಾಲೊರಿ. ಆದುದರಿಂದ ೧೦೦ ಮಿಲಿಲೀಟರು ನೀರಿಗೆ ೧೦ ಗ್ರಾಂ ಹಿಟ್ಟು ಹಾಕಿ ಕಾಸಿದ ಸರಿಯಲ್ಲಿ ೩೨ ಕ್ಯಾಲೊರಿಗಳು, ಅಂದರೆ ತಾಯಿಯ ಹಾಲಿನ ಅರ್ಧದಷ್ಟೂ ಇಲ್ಲ. ಬೇಕಾದ ೨೦೦ ಕ್ಯಾಲೊರಿಗಳು ಇದರಿಂದಲೇ ಬರಬೇಕಾದರೆ ಕೂಸು ದಿನಕ್ಕೆ ೬೦೦ ಮಿಲಿಲೀಟರಿಗೂ ಮೇಲ್ಪಟ್ಟು ಸರಿಯನ್ನು ಕುಡಿಯಬೇಕು. ಅಷ್ಟನ್ನು ಕುಡಿದ ಕೂಸು ಮೊಲೆಗೆ ಬಾಯಿ ಹಾಕುವುದೆಂತು? ಹಾಲು ಕುಡಿಯುವುದು ಕಡಿಮೆಯಾದರೆ ಹಾಲು ಊರುವುದೂ ಕಡಿಮೆಯಾಗುತ್ತದೆ. ಹೀಗೆ, ಕೂಸನ್ನು ಬೆಳೆಸಲೆಂದು ಕೊಟ್ಟ ನೀರುಗಂಜಿಯು ಅದಕ್ಕಿಂತ ಇಮ್ಮಡಿ ಸಾರವುಳ್ಳ ತಾಯಿಯ ಹಾಲನ್ನು ಪಕ್ಕಕ್ಕೆ ತಳ್ಳಿ ತಾನು ಆ ಜಾಗದಲ್ಲಿ ಕೂರುತ್ತದೆ. ನೂರಾರು ಮನೆಗಳಲ್ಲಿ ಕೂಸು ಆರು ತಿಂಗಳ ತನಕ ಗುಂಡಗಿದ್ದು ಎಂಟರ ಹೊತ್ತಿಗೆ ಸೊರಗುವುದಕ್ಕೆ ದೃಷ್ಟಿ ತಾಕಿತೆಂದು ನಿವಾಳಿಸುವ ಮುಂಚೆ, ಬಟ್ಟಲಿನ ಸರಿಯನ್ನು ಚಮಚದಲ್ಲಿ ಎತ್ತಿ ಓರೆಮಾಡಿ ನೋಡತಕ್ಕದ್ದು. ಸುರಿದುಹೋದರೆ ಅದು ಆಹಾರವಲ್ಲ, ಪಾನೀಯ. ಚಮಚದ ಮೇಲೆ ನಿಂತರೆ ಆಹಾರ.

ಹಾಗಾದರೆ ಹಿಟ್ಟನ್ನು ಇಮ್ಮಡಿ ಹಾಕಿ ಗಟ್ಟಿಯಾಗಿ ಕಾಸಿದರಾಯಿತಲ್ಲವೆ ಎಂದು ತಾವು ಕೇಳಬಹುದು. ಇಲ್ಲಿಯೇ ತೊಡಕು. ಮಾಮೂಲಿನ ರಾಗಿ ಹಿಟ್ಟನ್ನು ಇಮ್ಮಡಿ ಹಾಕಿದರೆ ಅದು ಸರಿಯಾಗಿ ಉಳಿಯದೆ ಮುದ್ದೆಯ ದಾರಿ ಹಿಡಿಯುತ್ತದೆ. ಹಲ್ಲಿಲ್ಲದ ಕೂಸು ಅದನ್ನು ನುಂಗಲಾರದು. ತಾಯಿಯು ಮತ್ತೆ ನೀರು ಬೆರಸುತ್ತಾಳೆ. ನೀರು ಬೆರಸದೆ ಸರಿಯನ್ನು ತೆಳುವಾಗಿಸುವ ಉಪಾಯವೊಂದಿದ್ದರೆ ಕಷ್ಟ ಪರಿಹಾರವಾದಂತೆ. ಅಜ್ಜಿಗೆ ತಿಳಿದಿದ್ದು ನಾವು ಮರೆತೆವೆಂದು ಮೊದಲು ಹೇಳಿದೆನಲ್ಲ, ಅದು ಈ ಉಪಾಯವೇ: ರಾಗಿಯನ್ನು ಮೊಳೆಸುವುದು.

ಇದರ ಕಾರಣವನ್ನು ಕಂಡು ಅಳೆದವರಲ್ಲಿ ಮುಖ್ಯರಾದವರು ನಮ್ಮ ಊರಿನವರೇ ಎಂಬುದನ್ನು ಸಂತೋಷದಿಂದ ಹೇಳಬಹುದು. ೧೯೫೦ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವನ್ನು ತಾವೆಲ್ಲರೂ ಬಲ್ಲಿರಿ. ಅಲ್ಲಿಯ ವಿಜ್ಞಾನಿಗಳಾದ ಎನ್. ಜಿ. ಮಲ್ಲೇಶಿ, ಎಚ್. ಎಸ್. ಆರ್. ದೇಶಿಕಾಚಾರ್ ಇವರು ಸ್ವೀಡನ್ನಿನ ವಿಜ್ಞಾನಿಗಳೊಡನೆ ಕೂಡಿ ಮೊಳೆಸಿದ ರಾಗಿ, ಜೋಳ, ಹೆಸರುಕಾಳುಗಳ ಹಿಟ್ಟಿನ ಗುಣವನ್ನು ಪರೀಕ್ಷಿಸಿ ೧೯೮೧ರಲ್ಲಿ ಪ್ರಕಟಿಸಿದರು. ೧೯೮೨ರಲ್ಲಿ ಮೊಳೆಸಿದ ರಾಗಿ ಹೆಸರುಕಾಳುಗಳಿಂದ ಎಳೆಯ ಮಕ್ಕಳ ಆಹಾರವೊಂದನ್ನು ರೂಪಿಸಿದರು. ಕಾಳು ಮೊಳೆಯುವಾಗ ತನ್ನೊಳಗಿನ ಪಿಷ್ಟವನ್ನು ಮುರಿದು ಮೊಳಕೆಗೆ ಉಣಿಸುವುದಕ್ಕಾಗಿ ಅಮೈಲೇಸ್ ಎಂಬ ಕಿಣ್ವವನ್ನು ಹುಟ್ಟಿಸಿಕೊಳ್ಳುತ್ತದೆ. ಆ ಹಿಟ್ಟನ್ನು ನೀರಿನಲ್ಲಿ ಕದಡಿ ಕಾಸಿದಾಗ ಅದೇ ಕಿಣ್ವವು ಪಿಷ್ಟವನ್ನು ಕಡಿದು ಹಾಕುವುದರಿಂದ ಸರಿಯು ಬಿಗಿಯುವುದಿಲ್ಲ. ಇಮ್ಮಡಿ ಹಿಟ್ಟು ಹಾಕಿದರೂ ಮೆತ್ತಗೆ ನುಂಗುವಂತಿರುತ್ತದೆ. ಬೀಜವು ತನ್ನ ಕೂಸಿಗೆಂದು ಮಾಡಿಕೊಂಡ ಏರ್ಪಾಟನ್ನು ನಾವು ನಮ್ಮ ಕೂಸಿಗೆ ತಿರುಗಿಸಿಕೊಂಡೆವು ಅಷ್ಟೆ. ೧೦೦ ಮಿಲಿಲೀಟರಿಗೆ ೨೦ ಗ್ರಾಂ ಮೊಳಕೆಯ ಹಿಟ್ಟು ಹಾಕಿ, ಇಳಿಸುವಾಗ ಒಂದು ಚಿಕ್ಕ ಚಮಚ ತುಪ್ಪವನ್ನು ಬೆರಸಿದರೆ, ಆ ಒಂದು ಚಿಕ್ಕ ಬಟ್ಟಲಿನಲ್ಲಿ ಸುಮಾರು ೧೧೦ ಕ್ಯಾಲೊರಿಗಳಾದವು. ಇಂತಹವು ಎರಡು ಬಟ್ಟಲಾದರೆ ಆ ದಿನದ ೨೦೦ ತೀರಿತು. ಎದೆಹಾಲಿಗೂ ಜಾಗ ಉಳಿಯಿತು.

ಮಾಡುವ ಕ್ರಮವನ್ನು ಹೇಳುತ್ತೇನೆ, ಬೇಕಾದವರು ಬರೆದುಕೊಳ್ಳಬಹುದು. ಒಳ್ಳೆಯ ರಾಗಿಯನ್ನು ಕಲ್ಲು ಮಣ್ಣು ಹೋಗುವಂತೆ ತೊಳೆದು ಒಂದು ರಾತ್ರಿ ನೆನೆಹಾಕಬೇಕು. ಬೆಳಗ್ಗೆ ನೀರು ಬಸಿದು ಒದ್ದೆಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಆಗಾಗ್ಗೆ ನೀರು ಚಿಮುಕಿಸುತ್ತ ಒಂದೆರಡು ದಿನ ಇಟ್ಟರೆ ಬಿಳಿಯ ಮೊಳಕೆ ಕಾಣುತ್ತದೆ. ಅದನ್ನು ಹರಡಿ ಚೆನ್ನಾಗಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆಯನ್ನು ಉದುರಿಸಿ ಕೇರಬೇಕು. ಆಷಾಢ ಶ್ರಾವಣದ ಜಡಿಮಳೆಯಲ್ಲಿ, ಅದರಲ್ಲೂ ಕೊಡಗಿಗೆ ಹತ್ತಿರವಾದ ಪಿರಿಯಾಪಟ್ಟಣದ ಕಡೆ, ಇದು ಸರಿಯಾಗಿ ಒಣಗದೆ ಬೂಷ್ಟು ಹಿಡಿಯುವುದುಂಟು. ಅಂತಹುದನ್ನು ಎಷ್ಟು ಮನಸ್ಸಿಗೆ ನೋವಾದರೂ ಎಸೆಯತಕ್ಕದ್ದು. ಮಳೆಗಾಲಕ್ಕೆ ಬೇಕಾದ ಹಿಟ್ಟನ್ನು ಬಿಸಿಲಿರುವಾಗಲೇ ಮಾಡಿಟ್ಟುಕೊಳ್ಳುವುದು ಜಾಣತನ. ಒಣಗಿದ ಕಾಳನ್ನು ಘಮ್ಮೆನ್ನುವಷ್ಟು ಮಾತ್ರ ಬೆಚ್ಚಗೆ ಮಾಡಬೇಕು. ಕೆಲವರು ಕೆಂಪಗಾಗುವ ತನಕ ಹುರಿಯುತ್ತಾರೆ. ಹಾಗೆ ಹುರಿದರೆ ರುಚಿಯೇನೋ ಬರುತ್ತದೆ, ಕಿಣ್ವವು ಸತ್ತುಹೋಗುತ್ತದೆ. ಮೂರು ದಿನ ಪಟ್ಟ ಶ್ರಮವು ಬಾಣಲೆಯಲ್ಲಿ ಬೆಂದಂತೆ. ಹೆಸರುಕಾಳನ್ನೂ ಹೀಗೆಯೇ ಮೊಳೆಸಿ ಒಣಗಿಸಿ ಸಿಪ್ಪೆ ತೆಗೆದು, ಎರಡು ಪಾಲು ರಾಗಿಗೆ ಒಂದು ಪಾಲು ಬೆರಸಿ ಬೀಸಿಸಿದರೆ ಸರಿಹಿಟ್ಟು ಆಯಿತು. ಇದನ್ನು ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯ ಮೇಲೆ ಕೈಬಿಡದೆ ಕಾಸುತ್ತ, ಕಡೆಗೆ ಚೆನ್ನಾಗಿ ಕುದಿಸಿ ಇಳಿಸಬೇಕು. ಕುದಿಯುವ ನೀರಿಗೆ ಹಿಟ್ಟನ್ನು ಸುರಿದರೆ ಕಿಣ್ವಕ್ಕೆ ಕೆಲಸ ಮಾಡಲು ಸಮಯ ಸಿಕ್ಕುವುದಿಲ್ಲ. ಮಾಮೂಲಿನ ಹಿಟ್ಟಿನ ಇಲ್ಲವೆ ಅಕ್ಕಿಯ ಗಟ್ಟಿಗಂಜಿ ಮಾಡಿದ್ದರೂ, ಕುದಿ ಇಳಿದ ಮೇಲೆ ಬಿಸಿಯಿರುವಾಗಲೇ ಒಂದು ಚಮಚ ಮೊಳಕೆಹಿಟ್ಟನ್ನು ಬೆರಸಿ ಕದಡಿ, ಸಡಿಲವಾದ ಬಳಿಕ ಇನ್ನೊಮ್ಮೆ ಕುದಿಸಬಹುದು. ಕಣ್ಣೆದುರಿಗೆ ಗಂಜಿ ಸಡಿಲವಾಗುವುದನ್ನು ನೋಡುವುದೇ ಒಂದು ಸೊಗಸು.

ಕನಕದಾಸರ ರಾಮಧಾನ್ಯ ಚರಿತ್ರೆಯಲ್ಲಿ ಬತ್ತಕ್ಕೂ ರಾಗಿಗೂ ಶ್ರೀರಾಮನ ಎದುರಿಗೆ ವ್ಯಾಜ್ಯ ನಡೆಯುವುದನ್ನು ತಾವು ಓದಿರುವಿರಿ. ಕೃಷ್ಣರಾಜನಗರದ ಗದ್ದೆಯ ಸೀಮೆಗೂ ಹುಣಸೂರಿನ ಹೊಲದ ಸೀಮೆಗೂ ಇಂದಿಗೂ ಈ ವ್ಯಾಜ್ಯವು ಪೂರ್ತಿಯಾಗಿ ತೀರಿದಂತಿಲ್ಲ. ಕೂಸಿನ ವಿಷಯದಲ್ಲಿ ಸುಣ್ಣದ ಅಂಶಕ್ಕೆ ರಾಗಿಯೇ ಮೇಲು. ೧೦೦ ಗ್ರಾಮಿನಲ್ಲಿ ಸುಮಾರು ೩೫೦ ಮಿಲಿಗ್ರಾಮಿನಷ್ಟಿರುತ್ತದೆ, ಅಕ್ಕಿಯಲ್ಲಿ ಅತ್ಯಲ್ಪ. ಆದರೆ ಕಬ್ಬಿಣದ ಅಂಶಕ್ಕೆ ಇವೆರಡನ್ನೂ ನಂಬಿ ಕೂರುವಂತಿಲ್ಲ. ರಾಗಿಯಲ್ಲಿರುವ ಕಬ್ಬಿಣವನ್ನು ಅದರಲ್ಲೇ ಇರುವ ಬೇರೆ ಕೆಲವು ಅಂಶಗಳು ಹಿಡಿದುಕೊಂಡಿರುವುದರಿಂದ ಮೈಗೆ ಹತ್ತುವುದು ಸ್ವಲ್ಪ. ಮೊಳೆಸಿದರೆ ಈ ಹಿಡಿತವು ಕೊಂಚ ಸಡಿಲವಾಗುತ್ತದೆ, ನಾಲ್ಕು ಹನಿ ನಿಂಬೆರಸ ಹಿಂಡಿದರೆ ಇನ್ನೂ ಸಡಿಲವಾಗುತ್ತದೆ. ಆದುದರಿಂದ ರಾಗಿಸರಿಯು ಒಳ್ಳೆಯದೆಂದು ವರ್ಷ ತುಂಬುವವರೆಗೂ ಅದನ್ನೊಂದನ್ನೇ ಕೊಡುತ್ತ ಹೋಗುವುದು ಸರಿಯಲ್ಲ. ವಾರ ಹತ್ತು ದಿನದಲ್ಲಿ ಮೆತ್ತಗೆ ಬೇಯಿಸಿ ಮಸೆದ ಬೇಳೆ ಅನ್ನ, ನುಗ್ಗೆಸೊಪ್ಪು, ದಂಟಿನ ಸೊಪ್ಪು, ಸಿಹಿಕುಂಬಳ, ಗೆಣಸು, ಪರಂಗಿ, ಬಾಳೆಹಣ್ಣು ಒಂದೊಂದಾಗಿ ಸೇರಲಿ. ಅವರೆಯ ಕಾಲದಲ್ಲಿ ಹಿತುಕಿದ ಬೇಳೆಯನ್ನು ನುಣ್ಣಗೆ ಬೇಯಿಸಿ ಮಸೆದರೆ ಅದಕ್ಕಿಂತ ರುಚಿಯಾದುದು ಕೂಸಿಗೆ ಮತ್ತೊಂದಿರಲಾರದು. ತಿನ್ನುವ ಮನೆತನದವರು ಮೊಟ್ಟೆಯನ್ನೂ ಮುಳ್ಳು ತೆಗೆದ ಮೀನನ್ನೂ ನುಣ್ಣಗೆ ಅರೆದ ಈಲಿಯನ್ನೂ ಆರು ತಿಂಗಳಾದೊಡನೆಯೇ ಕೊಡಬಹುದು. ಮೊಟ್ಟೆಯನ್ನು ವರ್ಷದ ತನಕ ತಡೆಯಬೇಕೆಂದು ಹಿಂದೆ ವೈದ್ಯರೂ ಹೇಳುತ್ತಿದ್ದರು. ಆ ಮಾತನ್ನು ಈಗ ಅವರೇ ಬಿಟ್ಟಿದ್ದಾರೆ. ೨೦೨೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೊರಡಿಸಿದ ಸೂಚನೆಗಳಲ್ಲಿ ಇಂತಹ ಪದಾರ್ಥಗಳು ದಿನವೂ ಇರಲಿ ಎಂದಿದೆ. ಕಬಿನಿಯ ದಡದಲ್ಲಿ ಮೀನು ಹಿಡಿದು ಪೇಟೆಗೆ ಕಳುಹಿಸುವ ಮನೆಯಲ್ಲಿ ಕೂಸಿಗೆ ಮಾತ್ರ ಗಂಜಿಯ ತಿಳಿ ಎಂಬುದು ವಿಚಿತ್ರವೇ ಸರಿ. ಸಸ್ಯಾಹಾರಿಗಳು ಬೇಳೆಕಾಳು ಸೊಪ್ಪುಗಳನ್ನು ಹೆಚ್ಚಿಸುವುದರ ಜೊತೆಗೆ, ಆಶಾ ಕಾರ್ಯಕರ್ತೆಯ ಮೂಲಕ ಆರು ತಿಂಗಳ ಮೇಲಿನ ಮಕ್ಕಳಿಗೆ ವಾರಕ್ಕೆ ಎರಡಾವೃತ್ತಿ ೧ ಮಿಲಿಲೀಟರಿನಂತೆ ಕೊಡಬೇಕೆಂದು ಏರ್ಪಟ್ಟಿರುವ ಕಬ್ಬಿಣದ ಸಿರಪ್ಪನ್ನು ತಪ್ಪಿಸಬಾರದು.

ಬೇಡವಾದುವುಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಒಂದು ವರ್ಷದೊಳಗೆ ಉಪ್ಪಾಗಲಿ ಸಕ್ಕರೆಯಾಗಲಿ ಬೆಲ್ಲವಾಗಲಿ ಬೇಕಿಲ್ಲ. ಸಪ್ಪೆಯೆನ್ನುವುದು ನಮ್ಮ ನಾಲಗೆ, ಕೂಸಿನದಲ್ಲ. ಹಸುವಿನ ಹಾಲನ್ನು ವರ್ಷದೊಳಗೆ ಎದೆಹಾಲಿನ ಬದಲು ಕುಡಿಸಬಾರದು. ಇಡಿಯ ಕಡಲೆಕಾಯಿಬೀಜ, ಹುರಿಗಡಲೆ, ದುಂಡು ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುವುವು. ಜೇನುತುಪ್ಪದ ವಿಷಯವನ್ನು ಮಾತ್ರ ಸ್ವಲ್ಪ ಒತ್ತಿ ಹೇಳಬೇಕು. ಹುಟ್ಟಿದ ಕೂಸಿಗೆ ಜೇನು ನೆಕ್ಕಿಸುವುದು, ಬಜೆಯನ್ನು ಜೇನಿನಲ್ಲಿ ತೇಯ್ದು ನಾಲಗೆಗೆ ಸವರುವುದು ನಮ್ಮಲ್ಲಿ ಹಳೆಯ ರೂಢಿ. ಕೋಟೆಯ ಕಾಡಿನ ಜೇನೆಂದರೆ ಮೈಸೂರಿನವರಿಗೆ ಅದರಲ್ಲಿ ನಂಬಿಕೆ ಇನ್ನೂ ಹೆಚ್ಚು. ಆದರೆ ಎಷ್ಟೇ ಶುದ್ಧವಾದ ಜೇನಿನಲ್ಲಿಯೂ ಬೊಟುಲಿಸಂ ಎಂಬ ರೋಗದ ಸೂಕ್ಷ್ಮಬೀಜಗಳು ಇರಬಹುದು. ದೊಡ್ಡವರ ಕರುಳು ಅವನ್ನು ಬೆಳೆಯಗೊಡದು. ವರ್ಷದೊಳಗಿನ ಕೂಸಿನ ಕರುಳಿಗೆ ಆ ಬಲವಿಲ್ಲ. ಅವು ಅಲ್ಲಿ ಬೆಳೆದು ಉಂಟುಮಾಡುವ ವಿಷದಿಂದ ಕೂಸಿನ ಸ್ನಾಯುಗಳು ಸಡಿಲಬಿದ್ದು ಉಸಿರಿಗೇ ತೊಂದರೆಯಾಗುವುದುಂಟು. ವರ್ಷ ತುಂಬುವ ತನಕ ಒಂದು ಹನಿಯೂ ಬೇಡ.

ನಗರದ ಮನೆಗಳಲ್ಲಿ ಬೇರೆಯ ತೊಂದರೆ. ಇಲ್ಲಿ ಗಂಜಿಯ ತಿಳಿಯ ಸ್ಥಾನವನ್ನು ಹಾಲಿನಲ್ಲಿ ಅದ್ದಿದ ಬಿಸ್ಕತ್ತು, ಡಬ್ಬದ ಪುಡಿ ಇವು ಹಿಡಿದುಕೊಂಡಿವೆ. ೧೯೯೨ರ ಶಾಸನವೂ ಅದಕ್ಕೆ ೨೦೦೩ರಲ್ಲಿ ಆದ ತಿದ್ದುಪಡಿಯೂ ಎರಡು ವರ್ಷದೊಳಗಿನ ಮಕ್ಕಳಿಗೆ ತಯಾರಿಸಿದ ಆಹಾರಗಳ ಜಾಹೀರಾತನ್ನು ನಿಷೇಧಿಸಿವೆ. ಆದರೂ ಡಬ್ಬವು ಅಂಗಡಿಯಿಂದ ಮನೆಗೆ ದಾರಿಯನ್ನು ತಾನೇ ಕಂಡುಕೊಂಡಿದೆ. ಡಬ್ಬದ ಪುಡಿಯು ವಿಷವೆಂದು ನಾನು ಹೇಳುವುದಿಲ್ಲ. ಪಯಣದಲ್ಲಿ ಒದಗೀತು. ಆದರೆ ಪ್ರತಿದಿನವೂ ಒಂದೇ ನುಣುಪು, ಒಂದೇ ಸಿಹಿ, ಒಂದೇ ವಾಸನೆಯನ್ನು ಕಂಡ ಕೂಸು ಒಂಬತ್ತನೆಯ ತಿಂಗಳಲ್ಲಿ ಅನ್ನದ ಅಗುಳನ್ನು ಕಂಡರೆ ಮುಖ ತಿರುಗಿಸುತ್ತದೆ. ಮಿಕ್ಸಿಯಲ್ಲಿ ಬೆಣ್ಣೆಯಂತೆ ಅರೆಯುವುದನ್ನು ಎಂಟನೆಯ ತಿಂಗಳ ಹೊತ್ತಿಗೆ ನಿಲ್ಲಿಸಿ, ಬೆರಳಿನಿಂದ ಕಿವುಚಿದರೆ ಸಾಕು. ಹಲ್ಲು ಬರಲೆಂದು ಕಾಯಬೇಕಾಗಿಲ್ಲ, ವಸಡೇ ಅಗಿಯುತ್ತದೆ.

ಇಷ್ಟು ಹೇಳಿ ಎಲ್ಲ ಭಾರವನ್ನೂ ತಾಯಿಯ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಹುಣಸೂರು ಪಿರಿಯಾಪಟ್ಟಣಗಳಲ್ಲಿ ಮುಂಗಾರಿನೊಡನೆ ಹೊಗೆಸೊಪ್ಪಿನ ನಾಟಿ. ಆಷಾಢ ಶ್ರಾವಣಗಳ ಹೊತ್ತಿಗೆ ಎಲೆ ಮುರಿಯುವುದು, ಕೋಲಿಗೆ ಕಟ್ಟುವುದು, ಬ್ಯಾರನ್ನಿಗೆ ಏರಿಸುವುದು ಹಗಲು ರಾತ್ರಿ ನಡೆಯುತ್ತದೆ. ಎಲೆ ಕಟ್ಟುವ ಕೆಲಸದಲ್ಲಿ ಹೆಂಗಸರೇ ಹೆಚ್ಚು. ಸಂಕ್ರಾಂತಿಯ ಆಸುಪಾಸಿನಲ್ಲಿ ಹುಟ್ಟಿದ ಕೂಸಿಗೆ ಆರು ತುಂಬುವುದು ಸರಿಯಾಗಿ ಈ ಸುಗ್ಗಿಯಲ್ಲೇ. ೨೦೧೭ರಲ್ಲಿ ಕಾನೂನಿನ ತಿದ್ದುಪಡಿಯಿಂದ ಹೆರಿಗೆಯ ರಜೆಯನ್ನು ೧೨ ವಾರಗಳಿಂದ ೨೬ ವಾರಗಳಿಗೆ ಏರಿಸಿದರು. ಕಚೇರಿ ಕಾರ್ಖಾನೆಗಳಲ್ಲಿ ಸಂಬಳಕ್ಕಿರುವ ಹೆಂಗಸಿಗೆ ಇದು ಆರು ತಿಂಗಳಿಗೆ ಸರಿಹೋಯಿತು. ಎಲೆ ಕಟ್ಟುವ ಕೂಲಿಯವಳಿಗೆ ಆ ರಜೆ ಎಲ್ಲಿಯದು? ಆಕೆಯು ಬೆಳಗ್ಗೆ ಹೋದರೆ ಕೂಸು ಅಜ್ಜಿಯ ಇಲ್ಲವೆ ಏಳೆಂಟು ವರ್ಷದ ಅಕ್ಕನ ಕೈಯಲ್ಲಿ. ಅಳುವ ಕೂಸನ್ನು ಸುಮ್ಮನಾಗಿಸಲು ಆ ಪುಟ್ಟ ಹುಡುಗಿಗೆ ಗೊತ್ತಿರುವುದು ನೀರುಗಂಜಿ, ಟೀಯಲ್ಲಿ ಅದ್ದಿದ ಬನ್ನು. ಆದುದರಿಂದಲೇ ಇಲ್ಲಿ ಗಟ್ಟಿಸರಿಯ ಬೆಲೆ ಹೆಚ್ಚು. ದಿನಕ್ಕೆ ನಾಲ್ಕೈದು ಸಲ ಕೂತು ಉಣಿಸುವ ಪುರಸೊತ್ತು ಇಲ್ಲದ ಮನೆಯಲ್ಲಿ ಉಣಿಸಿದ ಎರಡು ಮೂರು ಸಲವೂ ಸಾರವುಳ್ಳದ್ದಾಗಿರಬೇಕು. ತಾಯಿಯು ಹೋಗುವ ಮುಂಚೆ ಎದೆಹಾಲನ್ನು ಚೊಕ್ಕಟವಾದ ಪಾತ್ರೆಗೆ ಹಿಂಡಿ ಮುಚ್ಚಿ ತಣ್ಣನೆಯ ಸ್ಥಳದಲ್ಲಿಟ್ಟರೆ ನಾಲ್ಕು ಗಂಟೆಯೊಳಗೆ ಅದನ್ನು ಒಳಲೆಯಲ್ಲಿ ಕುಡಿಸಬಹುದು. ಶೀಷೆಗಿಂತ ನಮ್ಮ ಹಳೆಯ ಒಳಲೆಯೇ ಮೇಲು; ಬಾಯಿ ಅಗಲವಾದುದರಿಂದ ಬೆಳಗಿ ಕುದಿಸುವುದು ಸುಲಭ. ಇನ್ನೊಂದು ಮಾತು. ಹಸಿಯ ಹೊಗೆಸೊಪ್ಪಿನ, ಅದರಲ್ಲೂ ಮಳೆಯಲ್ಲಿ ನೆನೆದ ಎಲೆಯ ನಿಕೋಟಿನ್ ಎಂಬ ವಿಷಾಂಶವು ಚರ್ಮದ ಮೂಲಕ ಮೈಗೆ ಇಳಿಯುತ್ತದೆ, ಎದೆಹಾಲಿಗೂ ಬರುತ್ತದೆ. ಕೆಲಸ ಬಿಟ್ಟು ಬಂದೊಡನೆ ಕೈ ತೋಳುಗಳನ್ನು ಸಾಬೂನಿನಿಂದ ತೊಳೆದು, ಸೀರೆ ಬದಲಿಸಿ, ಆಮೇಲೆ ಕೂಸನ್ನು ಎತ್ತಿಕೊಳ್ಳಬೇಕು. ಹಾಲುಣಿಸುವ ಹೆಂಗಸಿಗೆ ಎಲೆ ಮುರಿಯುವ ಕೆಲಸವನ್ನು ಕೊಡದೆ ಬೇರೆ ಕೆಲಸವನ್ನು ಕೊಡುವುದು ಹೊಲದ ಒಡೆಯರ ಕೈಯಲ್ಲಿದೆ. ತಮ್ಮ ಪೈಕಿ ಆ ಕಡೆ ಜಮೀನುಳ್ಳವರು ಇದ್ದರೆ ಈ ಮಾತು ಅವರಿಗೆ.

ಉಣಿಸುವ ಪ್ರಮಾಣವೆಷ್ಟು ಎಂದರೆ, ಮೊದಲ ದಿನಗಳಲ್ಲ�ಿ ಎರಡು ಮೂರು ಚಮಚ, ದಿನಕ್ಕೆ ಎರಡು ಸಲ. ಎಂಟು ತಿಂಗಳು ತುಂಬುವ ಹೊತ್ತಿಗೆ ದಿನಕ್ಕೆ ಎರಡು ಮೂರು ಸಲ, ಸಲಕ್ಕೆ ೨೫೦ ಮಿಲಿಲೀಟರಿನ ಬಟ್ಟಲಿನಲ್ಲಿ ಅರ್ಧದ ತನಕ. ಒಂಬತ್ತರಿಂದ ಮೂರು ನಾಲ್ಕು ಸಲ. ವರ್ಷ ತುಂಬಿದ ಮೇಲೆ ಮುಕ್ಕಾಲು ಬಟ್ಟಲು, ಪೂರ್ತಿ ಬಟ್ಟಲು. ಎದೆಹಾಲು ಎರಡು ವರ್ಷದವರೆಗೂ, ಬೇಕಾದರೆ ಮುಂದೆಯೂ ನಡೆಯಲಿ. ಬೆಳಗ್ಗೆ ಕಾಸಿದ ಸರಿಯನ್ನು ಸಂಜೆಗೆ ಇಡಬಾರದು. ಎರಡು ಗಂಟೆಯೊಳಗೆ ತೀರಿಸಬೇಕು. ಬಾಯಿ ಮುಚ್ಚಿದ ಕೂಸಿನ ಮೂಗು ಹಿಡಿದು ಒತ್ತಿ ಹಾಕುವುದೂ, ಮುಂದೆ ಮೊಬೈಲು ಹಿಡಿದು ಅದು ಬಾಯ್ದೆರೆದು ನೋಡುವಾಗ ತುರುಕುವುದೂ ಒಂದೇ ಜಾತಿಯ ಕೆಲಸಗಳು. ಹೊಸ ಪದಾರ್ಥವನ್ನು ಕೂಸು ಉಗುಳಿದರೆ ಬೇಡವೆಂದಲ್ಲ, ಪರಿಚಯವಿಲ್ಲವೆಂದು. ಎಂಟು ಹತ್ತು ಸಲ ಕಂಡ ಮೇಲೆ ಒಪ್ಪುತ್ತದೆ.

ಭೇದಿಯಾದಾಗ ಹೊಟ್ಟೆಗೆ ವಿಶ್ರಾಂತಿ ಕೊಡಬೇಕೆಂದು ಊಟ ನಿಲ್ಲಿಸುವ ಪದ್ಧತಿಯು ಪಟ್ಟಣದಲ್ಲಿಯೂ ಹಳ್ಳಿಯಲ್ಲಿಯೂ ಸಮವಾಗಿದೆ. ಇದು ಕೂಡದು. ಮೊಲೆಹಾಲನ್ನು ಹೆಚ್ಚು ಸಲ ಕೊಡುತ್ತ, ಓ.ಆರ್.ಎಸ್. ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಸುತ್ತ, ಸರಿಯನ್ನು ಸ್ವಲ್ಪ ಸ್ವಲ್ಪವಾಗಿ ಮುಂದುವರಿಸಬೇಕು. ಗುಣವಾದ ಮೇಲೆ ಎರಡು ವಾರಗಳ ಕಾಲ ದಿನಕ್ಕೊಂದು ಊಟವನ್ನು ಹೆಚ್ಚಿಗೆ ಕೊಡಬೇಕು.

೧೯೭೫ರ ಅಕ್ಟೋಬರ್ ೨ರಂದು ಕರ್ನಾಟಕದಲ್ಲಿ ಅಂಗನವಾಡಿಗಳು ಮೊದಲು ತೆರೆದದ್ದು ನಮ್ಮ ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಈಗ ಕೋಟೆಯ ಹಾಡಿಗಳ ತನಕ ಅವು ಹಬ್ಬಿವೆ. ಅಲ್ಲಿ ಕೂಸನ್ನು ತಿಂಗಳಿಗೊಮ್ಮೆ ತೂಗಿ ಕಾಗದದ ಮೇಲೆ ಗೆರೆ ಎಳೆಯುತ್ತಾರೆ. ಗೆರೆಯು ಎರಡು ತಿಂಗಳು ಏರದೆ ನಿಂತರೆ ಬಟ್ಟಲನ್ನು ನೋಡಿಕೊಳ್ಳಿರಿ. ಇಳಿದರೆ ವೈದ್ಯರ ಬಳಿಗೆ ಕರೆದೊಯ್ಯಿರಿ. ನಗರದಲ್ಲಿರುವ ತಾವು ಲಸಿಕೆಗೆಂದು ಹೋದಾಗಲೆಲ್ಲ ಇದೇ ಗೆರೆಯನ್ನು ಎಳೆದು ತೋರಿಸುವಂತೆ ತಮ್ಮ ವೈದ್ಯರನ್ನು ಕೇಳಬಹುದು.